ನಾಲ್ಕನೆಯ ಸಲ ಹೇಳಿದ ಮಾತು

ತೆಹರಾನ್, ಮೆಹ್ರ್ ತಿಂಗಳು ೩, ೧೩೭೭, ಶುಕ್ರವಾರ

ಡಾಕ್ಟರು ರಕ್ತದೊತ್ತಡ ನೋಡಿ, "ಕೂಗಾಡಬೇಡಿ ಇರಜ್ ಖಾನ್, ಸಿಟ್ಟು ಬಂದ್ರೆ ಒಂದು ಕಡೆ ಬರೆದಿಟ್ಟುಬಿಡಿ" ಎಂದಿದ್ದಾರೆ. ಮಗಳು ಪರಸ್ತುವಿನ ಹಳೆಯ ಜ್ಯಾಮಿತಿ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಇತ್ತು. ಅದನ್ನೇ ಎತ್ತಿಕೊಂಡಿದ್ದೇನೆ. ಇದನ್ನು ನನ್ನ ಹೊರತು ಯಾರೂ ಓದುವುದಿಲ್ಲ, ಆದ್ದರಿಂದ ಉಪಚಾರದ ಮಾತು ಬೇಕಿಲ್ಲ. ನೇರವಾಗಿ ಹೇಳುತ್ತೇನೆ: ಹೂಷಂಗ್ ಕಳ್ಳ.

ಇವತ್ತು ಒಂದೇ ದಿನ ಆ ಹಾಡು ಐದು ಸಲ ಕಿವಿಗೆ ಬಿತ್ತು. ಟ್ಯಾಕ್ಸಿಯಲ್ಲಿ ಒಂದು, ರೊಟ್ಟಿ ಅಂಗಡಿಯ ಸಾಲಿನಲ್ಲಿ ಒಂದು, ದಾಳಿಂಬೆ ರಸದ ಅಂಗಡಿಯಲ್ಲಿ ಒಂದು, ಮೇಲಿನ ಮಹಡಿಯ ವಿಧವೆ ಪಾತ್ರೆ ತೊಳೆಯುತ್ತ ಹಾಡಿದ್ದು ಒಂದು. ಐದನೆಯದು ನನ್ನ ಮನೆಯೊಳಗೇ, ನನ್ನ ಮಗಳ ಕೋಣೆಯಿಂದ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕರಿ ಕನ್ನಡಕ ಹಾಕಿಕೊಂಡ ಅವನ ಮುಖ. ಕೆಳಗೆ, "ಗಾಯನ: ಹೂಷಂಗ್ ಬಂದರಿಯಾನ್." ಅದರ ಕೆಳಗೆ, "ರಾಗ ಸಂಯೋಜನೆ: ಹೂಷಂಗ್ ಬಂದರಿಯಾನ್." ಆ ಧಾಟಿ ನನ್ನದು. ಎರಡು ವರ್ಷ ತಿದ್ದಿ ತೀಡಿದ್ದು. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವನದು.

ನಡೆದದ್ದು ಇಷ್ಟು. ಹೋದ ವಸಂತದಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಅವನು ಊಟಕ್ಕೆ ಬಂದಿದ್ದ. ಊಟವಾದ ಮೇಲೆ ನಾನು ನನ್ನ ತಂತಿವಾದ್ಯ ತಾರ್ ತೆಗೆದುಕೊಂಡು ಆ ಧಾಟಿ ನುಡಿಸಿದೆ. ಅವನು ಹೊಗಳಿದ. ನಾನು "ನಿನಗಿಂತ ಹೆಚ್ಚೇ, ನಿನ್ನದೇ ಅಂದುಕೊ" ಎಂದೆ. ಯಾರಾದರೂ ಹೇಳುವ ಮಾತು. ಅತಿಥಿ ಬಟ್ಟಲು ಚೆನ್ನಾಗಿದೆ ಎಂದರೆ ಬಟ್ಟಲು ನಿಮ್ಮದೇ ಎನ್ನುತ್ತೇವೆ, ಕೋಟು ಚೆನ್ನಾಗಿದೆ ಎಂದರೆ ಕೋಟು ನಿಮ್ಮದೇ. ಟ್ಯಾಕ್ಸಿಯವನೂ ಬಾಡಿಗೆ ಕೊಡಲು ಹೋದರೆ ಮೊದಲು "ಬೇಡ ಬಿಡಿ" ಎನ್ನುತ್ತಾನೆ. ಹಾಗೆಂದು ಕೊಡದೆ ಇಳಿದು ಹೋಗುವವರು ಉಂಟೇ? ಇವನು ಇಳಿದು ಹೋದ, ಧಾಟಿಯ ಸಮೇತ.

ಮೆಹ್ರ್ ೮, ಬುಧವಾರ

ಪರಸ್ತು ಅವನ ಚಿತ್ರವನ್ನು ಗೋಡೆಗೆ ಅಂಟಿಸಿದ್ದಾಳೆ.

"ಬಾಬಾ, ಹೂಷಂಗ್ ಚಿಕ್ಕಪ್ಪ ನಮ್ಮನೇಲಿ ಊಟ ಮಾಡ್ತಾರೆ ಅಂದ್ರೆ ಕ್ಲಾಸಲ್ಲಿ ಒಬ್ಳೂ ನಂಬ್ತಿಲ್ಲ. ಒಂದು ರುಜು ತಂದುಕೊಡು."

"ನನ್ನ ರುಜು ಹಾಕಿಕೊಡ್ತೀನಿ, ಹೋಗು."

"ನಿನ್ನದು ನನ್ನ ಮಾರ್ಕ್ಸ್ ಕಾರ್ಡ್ ಮೇಲೆಲ್ಲ ಇದೆ."

ಹದಿನೇಳು ವರ್ಷ ಸಾಕಿದ್ದಕ್ಕೆ ಬಂದ ಉತ್ತರ.

ಹೂಷಂಗ್ ಯಾರು ಎಂದು ಆ ಹುಡುಗಿಯರಿಗೆ ನಾನು ಹೇಳಬೇಕು. ಯುದ್ಧ ಶುರುವಾದ ವರ್ಷ ಗಡಿಯೂರು ಆಬಾದಾನಿನಿಂದ ಓಡಿಬಂದವನು. ಮೈಮೇಲೆ ಒಂದು ಅಂಗಿ, ಮೂಗಿನ ಮೇಲೆ ಆ ಕರಿ ಕನ್ನಡಕ. ಅಪ್ಪ ತೈಲ ಶುದ್ಧೀಕರಣ ಘಟಕದಲ್ಲಿ ಕೆಲಸಕ್ಕಿದ್ದವನಂತೆ, ಮನೆಯಲ್ಲಿ ಪಿಯಾನೋ ಇತ್ತಂತೆ, ಅಂಗಳದಲ್ಲಿ ದೋಣಿ ಇತ್ತಂತೆ. ಆಬಾದಾನಿನವರ ಮಾತನ್ನು ನಾಲ್ಕರಿಂದ ಭಾಗಿಸಿ ನಂಬಬೇಕು. ನನ್ನ ಗುರುಗಳ ನೆಲಮಾಳಿಗೆಯ ಪಾಠಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತ. ಹಗಲು ರೇಡಿಯೊ ರಿಪೇರಿ. ಸ್ವರಲಿಪಿ ಓದಲು ಇವತ್ತಿಗೂ ಬಾರದು. ಗುರುಗಳು ನನಗೆ, "ಇರಜ್, ನಿನ್ನ ಬೆರಳು ಸುಳ್ಳು ಹೇಳುವುದಿಲ್ಲ" ಎಂದಿದ್ದರು. ಅವನಿಗೆ, "ನೀನು ಹಾಡಿಕೊಂಡಿರಪ್ಪಾ" ಎಂದಿದ್ದರು, ಅಷ್ಟೇ.

ಮುಂದೆ, ಇಂಥ ಹಾಡಿಗೆ ನಿಷೇಧವಿದ್ದ ಕಾಲದಲ್ಲಿ, ಬಾಗಿಲು ಮುಚ್ಚಿದ ಮದುವೆ ಮನೆಗಳಲ್ಲಿ ಹನ್ನೆರಡು ವರ್ಷ ಅವನು ಹಾಡಿದ, ನಾನು ಪಕ್ಕದಲ್ಲಿ ನುಡಿಸಿದೆ. ಒಮ್ಮೆ ಪೊಲೀಸರು ಬಂದಾಗ ಇಬ್ಬರೂ ಒಂದೇ ಅಕ್ಕಿ ಮೂಟೆಯ ಹಿಂದೆ ಅಡಗಿದ್ದೆವು. ಈಗ ಕಾಲ ಬದಲಾಗಿದೆ. ಅಂಥ ಹಾಡುಗಳಿಗೂ ಅನುಮತಿ ಸಿಗುತ್ತಿದೆ. ಅನುಮತಿ ಸಿಕ್ಕಿದ್ದು ಅವನಿಗೆ. ನಾನಿನ್ನೂ ಮೂಟೆಯ ಹಿಂದೆಯೇ ಇದ್ದೇನೆ.

ಮೆಹ್ರ್ ೧೯, ಭಾನುವಾರ

ಬಂದಿದ್ದ. ಕೆನೆ ತುಂಬಿದ ಸಿಹಿಯ ಪೆಟ್ಟಿಗೆ ಹಿಡಿದುಕೊಂಡು, ಮೆಟ್ಟಿಲ ಬುಡದಿಂದಲೇ ಕೂಗುತ್ತ.

"ಏ ಕಾ! ಎಲ್ಲಿ ಅಡಗಿ ಕುಂತೀಯೋ? ಫೋನ್ ಮಾಡಿದ್ರ ಎತ್ತಂಗಿಲ್ಲ, ಬಾಯಿ ಹೊಲಿಸ್ಕೊಂಡೀಯೇನ?"

ಆಬಾದಾನಿನವರಿಗೆ ಪ್ರೀತಿಯವರೆಲ್ಲ 'ಕಾ', ಅಂದರೆ ಅಣ್ಣ. ಹದಿನೆಂಟು ವರ್ಷದಿಂದ ನನ್ನನ್ನು ಹಾಗೇ ಕರೆಯುತ್ತಿದ್ದಾನೆ. ಮೈ ಉರಿಯುತ್ತದೆ.

"ಕೆಲಸ ಇತ್ತು," ಎಂದೆ.

"ನೋಡ್ರಿ ವೈನಿ, ಇಸ್ಫಹಾನದಾವ್ರು ಮಾತನ್ನೂ ಉಳಿತಾಯ ಮಾಡ್ತಾರ!" ಎಂದು ನನ್ನ ಹೆಂಡತಿ ಅಖ್ತರಳಿಗೆ ಹೇಳಿದ. ಅವಳು ನಕ್ಕಳು. ಅವಳೂ ಇಸ್ಫಹಾನಿನವಳೇ, ನಗುವುದೇನಿತ್ತು? ನಮ್ಮೂರಿನವರು ಜಿಪುಣರು ಎಂಬ ಜೋಕು ಕೇಳಿ ಕೇಳಿ ನನ್ನ ಕೂದಲು ಹಣ್ಣಾಗಿದೆ.

ಕುಳಿತವನು ಚಹಾಕ್ಕೆ ಕಾಯದೆ ವಿಷಯಕ್ಕೆ ಬಂದ. "ಟೀವಿಯಾಗ ಹಾಡಾಕ ಕರ್ದಾರ, ಆ ಹಾಡನ್ನ. ನೀ ತಾರ್ ಹಿಡಿದ್ರ ನಾ ಬಾಯಿ ತೆಗೀತೇನಿ, ಇಲ್ಲಂದ್ರ ಒಲ್ಲೆ ಅಂತ ಹೇಳಿ ಬರ್ತೇನಿ."

"ನಿನಗೆ ನನಗಿಂತ ಒಳ್ಳೇವ್ರು ಬೇಕಾದಷ್ಟು ಜನ ಸಿಗ್ತಾರೆ."

"ಸಿಗ್ತಾರ. ನೀ ಸಿಗಂಗಿಲ್ಲಲ್ಲ."

"ನನ್ನ ಕೈ ಮೊದಲಿನ ಹಾಗಿಲ್ಲ."

"ಮೊದ್ಲೂ ಹಂಗ ಅಂತಿದ್ದಿ. ಸುಮ್ನ ಹೂಂ ಅನ್ನು ಕಾ, ಚಹಾ ಆರಾಕತ್ತೇತಿ."

ಹೂಂ ಎಂದೆ. ಎರಡು ಸಲ ಬೇಡ ಎಂದಾಗಿತ್ತು, ಅದಕ್ಕಿಂತ ಹೆಚ್ಚು ಎಂದರೆ ಅವನು ಎದ್ದು ಹೋಗಿಬಿಟ್ಟಾನೆಂದು ಹೆದರಿದೆ. ನನಗೆ ಟೀವಿಯಲ್ಲಿ ಕಾಣಿಸಿಕೊಳ್ಳಬೇಕಿತ್ತು. ಬರೆದುಬಿಟ್ಟೆ.

ಸಿಹಿ ಮುಟ್ಟಲಿಲ್ಲ. ಅವನು ಹೋದ ಮೇಲೆ ಎರಡು ತಿಂದೆ.

ಆಬಾನ್ ೬, ಬುಧವಾರ

ಟೀವಿಯಲ್ಲಿ ಹಾಡು ಕೇಳಿಸಬಹುದು, ವಾದ್ಯ ಕಾಣಿಸಬಾರದು. ಸರ್ಕಾರದ ಈ ನಿಯಮ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಕರಿ ಸೂಟು ಇಸ್ತ್ರಿ ಮಾಡಿಸಿಕೊಂಡು ಹೋಗಿದ್ದೆ. ಕ್ಷೌರ ಕೂಡ ಮಾಡಿಸಿಕೊಂಡಿದ್ದೆ.

ಸ್ಟುಡಿಯೊದಲ್ಲಿ ನಮ್ಮ ಐದು ಜನ ವಾದ್ಯದವರ ಮುಂದೆ ಹೂದಾನಿಗಳನ್ನು ಜೋಡಿಸಿದರು. ಮಧ್ಯದಲ್ಲಿ ಹೂಷಂಗ್ ಒಬ್ಬನೇ, ಯಾವ ಹೂವೂ ಇಲ್ಲದೆ. ವ್ಯವಸ್ಥೆ ನೋಡಿಕೊಳ್ಳುವ ದಪ್ಪ ಮನುಷ್ಯ ಕ್ಯಾಮೆರಾದ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ.

"ಉಸ್ತಾದ್, ಒಂಚೂರು ಬಗ್ಗಿ ಕೂತ್ಕೊಳ್ಳಿ. ತಾರಿನ ಕುತ್ತಿಗೆ ಕಾಣ್ತಿದೆ."

"ತಾರಿಗೆ ಕುತ್ತಿಗೆ ಇರೋದೇ ಅಷ್ಟುದ್ದ."

"ಹಾಗಾದ್ರೆ ಇನ್ನೊಂದು ಹೂದಾನಿ ಇಡಿಸ್ತೀನಿ, ಬೇಜಾರು ಮಾಡ್ಕೋಬೇಡಿ."

ಇಡಿಸಿದ. ಕೆಂಪು ಗ್ಲಾಡಿಯೋಲಸ್, ನನ್ನ ಗಲ್ಲದವರೆಗೆ. ನನ್ನ ಧಾಟಿಯನ್ನು ನಾನು ಹೂವಿನ ಪೊದೆಯಲ್ಲಿ ಅಡಗಿ ನುಡಿಸಿದೆ, ಎಲೆ ಮೂಗಿಗೆ ತಾಗಿ ಸೀನು ಬರುತ್ತಿತ್ತು.

ಇನ್ನೊಂದು ವಿಷಯ. ಮೂರನೆಯ ಸಾಲಿನಲ್ಲಿ ನಾನು ಮಾಡಿದ್ದು ನೇರ ಇಳಿಜಾರು. ಅವನು ಅಲ್ಲಿ ಉಸಿರು ಹಿಡಿದು, ಇಳಿಯುವ ಬದಲು ಒಂದು ಮೆಟ್ಟಿಲು ಮೇಲೆ ಹತ್ತಿ, ಆಮೇಲೆ ಇಳಿಯುತ್ತಾನೆ. ಜನ ಕಣ್ಣು ಮುಚ್ಚುವುದು ಅಲ್ಲೇ. ವ್ಯಾಕರಣ ಗೊತ್ತಿಲ್ಲದವನ ಕೆಲಸ. ಆ ದಪ್ಪ ಮನುಷ್ಯ ಕೂಡ ಅಲ್ಲಿ ಕಣ್ಣು ಮುಚ್ಚಿದ.

ಆಬಾನ್ ೧೫, ಶುಕ್ರವಾರ

ಪ್ರಸಾರವಾಯಿತು. ನೋಡಲು ಮಾವ ಬಂದಿದ್ದರು, ನಾದಿನಿಯರು ಬಂದಿದ್ದರು, ಮೇಲಿನ ವಿಧವೆ ಕುಂಬಳಬೀಜದ ತಟ್ಟೆ ಸಮೇತ ಬಂದಿದ್ದಳು.

ಹಾಡು ಮುಗಿಯುತ್ತ ಬಂದಾಗ ಮಾವ ಕನ್ನಡಕ ಒರೆಸಿಕೊಂಡು, "ಎಲ್ಲಾ ಸರಿ, ನಮ್ಮ ಇರಜ್ ಎಲ್ಲಿ?" ಎಂದರು.

"ಅಗೋ ತಾತ, ಎಡಗಡೆ ಹೂವಿನ ಹಿಂದೆ. ಕಿವಿ ಕಾಣ್ತಿದೆಯಲ್ಲ, ಅದೇ ಬಾಬಾ," ಎಂದಳು ಪರಸ್ತು.

"ಓ, ಹೂವು ಚೆನ್ನಾಗಿದೆ," ಎಂದರು ಮಾವ.

ಅಖ್ತರ್ ನಗು ತಡೆಯಲು ಅಡುಗೆಮನೆಗೆ ಎದ್ದುಹೋದಳು. ವಿಧವೆ ಹಾಡಿನ ಮೂರನೆಯ ಸಾಲಿಗೆ ಅತ್ತಳು. ಅವನ ಮುಖ ನೋಡಿ ಅತ್ತಳು.

ಹೊಟ್ಟೆ ಉರಿಯುತ್ತಿದೆ. ಬೇರೆ ಹೆಸರಿಟ್ಟು ಏನು ಪ್ರಯೋಜನ?

ಆಬಾನ್ ೧೭, ಭಾನುವಾರ

ಪತ್ರ ಕೊಟ್ಟು ಬಂದೆ. ಸಂಗೀತಕ್ಕೆ ಅನುಮತಿ ಕೊಡುವ ಕಚೇರಿಗೆ, ನನ್ನ ಹೆಸರಿನಲ್ಲೇ. ಧಾಟಿ ನನ್ನದು, ಹೂಷಂಗ್ ಬಂದರಿಯಾನ್ ನನ್ನ ಒಪ್ಪಿಗೆಯಿಲ್ಲದೆ ತನ್ನದೆಂದು ಅಚ್ಚು ಹಾಕಿಸಿದ್ದಾನೆ, ಕ್ಯಾಸೆಟ್ಟು ಹಿಂತೆಗೆಸಬೇಕು. ಗುಮಾಸ್ತ ಓದಿ, "ವಿಚಾರಣೆ ದಿನದ ತನಕ ದೂರು ಕೊಟ್ಟವರ ಹೆಸರು ಆ ಕಡೆಯವರಿಗೆ ಹೇಳೋದಿಲ್ಲ" ಎಂದ. ಅದಕ್ಕೆ ನಾನು ಸಂತೋಷಪಡಬಾರದಿತ್ತು, ಪಟ್ಟೆ.

ಬಹ್ಮನ್ ತಿಂಗಳಲ್ಲಿ ಅವನದೊಂದು ದೊಡ್ಡ ಕಾರ್ಯಕ್ರಮವಿದೆ. ಮೊಟ್ಟಮೊದಲ ಸಲ ಬಾಗಿಲು ತೆರೆದಿಟ್ಟ ಸಭಾಂಗಣದಲ್ಲಿ ಹಾಡುತ್ತಾನೆ. ದೂರು ನಿಜವೆಂದು ಸಾಬೀತಾದರೆ ಅದೂ ಇಲ್ಲ, ಮುಂದಿನ ಕ್ಯಾಸೆಟ್ಟೂ ಇಲ್ಲ. ಕಳ್ಳ ಎನಿಸಿಕೊಂಡವನಿಗೆ ಮತ್ತೆ ಯಾರು ಅನುಮತಿ ಕೊಡುತ್ತಾರೆ? ರೇಡಿಯೊ ರಿಪೇರಿಗೆ ಹೋಗಲಿ.

ಇವತ್ತು ಚೆನ್ನಾಗಿ ಊಟ ಮಾಡಿದೆ.

ಆಜರ್ ೫, ಗುರುವಾರ

ಅವನ ಕಾರ್ಯಕ್ರಮದ ಅನುಮತಿಯನ್ನು ತಡೆಹಿಡಿದಿದ್ದಾರೆ. ಅವನೇ ಫೋನ್ ಮಾಡಿ ಹೇಳಿದ.

"ಯಾವನೋ ಹೊಟ್ಟಿಕಿಚ್ಚಿನಾವ ಅರ್ಜಿ ಹಾಕ್ಯಾನ ಕಾ. ಧಾಟಿ ಕದ್ದದ್ದು ಅಂತ. ಯಾವ ಧಾಟಿ ಅಂತ ಸೈತ ಹೇಳವಲ್ರು."

"ಯಾರಿರಬಹುದು?"

"ಯಾರಾದ್ರೂ ಇರ್ಲಿ ಬಿಡೋ. ಪಾಪ, ಅವಂಗೇನ್ ಸಂಕಟ ಐತೋ ಏನೋ. ನಿನ್ ಬಿ.ಪಿ. ಹ್ಯಾಂಗೈತಿ? ಉಪ್ಪು ಬಿಟ್ಟೀಯಿಲ್ಲೋ?"

ಉಪ್ಪು ಬಿಟ್ಟಿದ್ದೇನೆ ಎಂದೆ.

ಆಜರ್ ೧೩, ಶುಕ್ರವಾರ

ಅಖ್ತರಳಿಗೆ ತಿಳಿಯಿತು. ಕಚೇರಿಯ ರಸೀದಿ ಸೂಟಿನ ಜೇಬಿನಲ್ಲಿ ಸಿಕ್ಕಿದೆ. ನಾನು ಸೊಪ್ಪು ಬಿಡಿಸುತ್ತ ಕುಳಿತಿದ್ದೆ. ಅವಳು ರಸೀದಿಯನ್ನು ಸೊಪ್ಪಿನ ಮೇಲೆ ಇಟ್ಟಳು.

"ಇದೇನು?"

"ನನ್ನದನ್ನ ನನ್ನದು ಅಂದಿದ್ದೀನಿ."

"ಕೊಟ್ಟೋನು ನೀನೇ ಅಲ್ವಾ?"

"ಅದು ಬಾಯಿಮಾತು! ಮಾತಿಗೆ ಹೇಳಿದ್ದು!"

"ಮಾತಿಗೆ ಹೇಳೋದು ಎಷ್ಟು ಸಲ? ಮೂರು ಸಲ. ಅವನು ಮೂರು ಸಲಾನೂ ಬೇಡ ಅಂದ. ನಾನು ಅಲ್ಲೇ ಇದ್ದೆ, ಚಹಾ ಕೊಡ್ತಾ. ಅಲ್ಲಿಗೆ ಮುಗೀಬೇಕಿತ್ತು. ನಾಲ್ಕನೇ ಸಲ ಹೇಳಿದ್ದು ಯಾರು? ಟೇಪಿನಿಂದ ಕ್ಯಾಸೆಟ್ ಕಿತ್ತು ಅವನ ಕೋಟಿನ ಜೇಬಿಗೆ ತುರುಕಿದ್ದು ಯಾರು, ನಾನಾ?"

"ನಿಮ್ಮಪ್ಪ ನಗ್ತಿದ್ರು."

"ನಗ್ಲಿ! ನಕ್ಕರೆ ಏನಾಗತ್ತೆ?"

ಮಾಡಿದ್ದುಣ್ಣೋ ಮಹರಾಯ ಎಂದು ಒಳಗೆ ಹೋದಳು.

ಸರಿ, ಬರೆದುಬಿಡುತ್ತೇನೆ. ಧಾಟಿ ಮರೆಯದಿರಲೆಂದು ಪರಸ್ತು ಅಂದು ಟೇಪ್ ರೆಕಾರ್ಡರ್ ಹಚ್ಚಿಟ್ಟಿದ್ದಳು, ನಾನು ಸ್ವರಲಿಪಿಯಲ್ಲಿ ಬರೆದಿಟ್ಟಿರಲಿಲ್ಲ, ಇದ್ದದ್ದು ಅದೊಂದೇ ಕ್ಯಾಸೆಟ್ಟು. ಹೂಷಂಗ್ ಮೂರು ಸಲ ಬೇಡ ಎಂದದ್ದು ನಿಜ. ಮೂರನೆಯ ಸಲ ಹೇಳಿದ ಮೇಲೆ, "ಬಿಡೋ ಕಾ, ಇಸ್ಫಹಾನದಾಂವ ಧಾಟಿ ದಾನ ಮಾಡಿದ್ರ ಭೂಮಿ ನಡುಗೀತು" ಎಂದ. ಮಾವ ಚಹಾ ನೆತ್ತಿಗೇರುವಷ್ಟು ನಕ್ಕರು. ಆಗ ನನಗೆ ಎಲ್ಲಿಲ್ಲದ ರೋಷ ಬಂದು ನಾಲ್ಕನೆಯ ಸಲ ಹೇಳಿದೆ. ಅಷ್ಟೇ. ಅಷ್ಟಕ್ಕೇ ಅದು ಕೊಟ್ಟಂತಾಗುತ್ತದೆಯೇ?

ಆಜರ್ ೧೭, ಮಂಗಳವಾರ

ಮುಂದಿನ ಮಂಗಳವಾರ ವಿಚಾರಣೆ. ವಾದ್ಯ ತರಬೇಕಂತೆ, ಧಾಟಿಯನ್ನು ಮೊದಲು ಮಾಡಿದ ಹಾಗೆಯೇ ನುಡಿಸಿ ತೋರಿಸಬೇಕಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನುಡಿಸುತ್ತೇನೆ.

ಆಜರ್ ೨೦, ಶುಕ್ರವಾರ

ಬರುತ್ತಿಲ್ಲ.

ಮೊದಲ ಎರಡು ಸಾಲು ಬರುತ್ತವೆ. ಮೂರನೆಯದಕ್ಕೆ ಬಂದಕೂಡಲೇ ಬೆರಳು ತಾನಾಗಿ ನಿಂತು, ಒಂದು ಮೆಟ್ಟಿಲು ಹತ್ತಿ, ಆಮೇಲೆ ಇಳಿಯುತ್ತದೆ. ಮೂವತ್ತು ಸಲ ನುಡಿಸಿದೆ, ಮೂವತ್ತು ಸಲವೂ ಅವನ ತಿರುವೇ. ನಾನು ಮಾಡಿದ್ದು ನೇರ ಇಳಿಜಾರು ಎಂದು ಗೊತ್ತು, ಎಲ್ಲಿಂದ ಎಲ್ಲಿಗೆ ಎಂಬುದು ಮರೆತಿದೆ. ಊರಿಗೆ ಊರೇ ಅವನ ಹಾಗೆ ಹಾಡುತ್ತಿರುವಾಗ ಯಾರ ಕಿವಿ ತಾನೇ ಉಳಿದೀತು?

ಪರಸ್ತು ಬಾಗಿಲಲ್ಲಿ ನಿಂತು, "ಇವತ್ತು ಚೆನ್ನಾಗಿ ನುಡಿಸ್ತಿದೀಯ ಬಾಬಾ" ಎಂದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಅಂದದ್ದು ಇದೇ ಮೊದಲು. ಗದರಿ ಕಳುಹಿಸಿದೆ.

ಆಜರ್ ೨೪, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಕೋಣೆಯಲ್ಲಿ ಮೂವರು ಹಿರಿಯರು. ಮಧ್ಯದಲ್ಲಿ ಮೀರ್ ಜಲಾಲ್, ಎಂಬತ್ತರ ಮುದುಕರು, ಸೆತಾರಿನಲ್ಲಿ ಅವರ ಸಮ ಇಲ್ಲ. ಮೂಲೆಯಲ್ಲಿ ಗುಮಾಸ್ತ. ನಾನು ತಾರ್ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಹೂಷಂಗ್ ಒಳಗೆ ಬಂದವನೇ ನನ್ನನ್ನು ಕಂಡು ಮುಖ ಅರಳಿಸಿದ.

"ಕಾ! ನೀನೂ ಬಂದಿ? ಯಾರ್ ಹೇಳಿದ್ರು ನಿನಗ? ನೋಡ್ರಿ ಸಾಹೇಬ್ರ, ಇಂಥಾ ಗೆಳ್ಯಾ ಇದ್ರ ಸಾಕು, ಕರೀದಿದ್ರೂ ಸಾಕ್ಷಿ ಹೇಳಾಕ ಬಂದಾನ!"

ಎರಡು ಕೆನ್ನೆಗೂ ಮುತ್ತಿಟ್ಟು ಪಕ್ಕದಲ್ಲೇ ಕುಳಿತ. ಗುಮಾಸ್ತ ಎದ್ದು ಓದಿದ: "ದೂರುದಾರರು, ಇರಜ್ ಜರ್ಗರ್."

ಹೂಷಂಗ್ ಕರಿ ಕನ್ನಡಕ ತೆಗೆದ. ಹದಿನೆಂಟು ವರ್ಷದಲ್ಲಿ ಅವನು ಅದನ್ನು ತೆಗೆದು ನನ್ನನ್ನು ನೋಡಿದ್ದು ಅವನ ತಾಯಿ ಸತ್ತ ದಿನ ಒಮ್ಮೆ. ಕನ್ನಡಕದ ಕಡ್ಡಿ ಮಡಚಿದ, ಬಿಡಿಸಿದ, ಮಡಚಿದ.

"ನುಡಿಸಿ ಇರಜ್ ಖಾನ್," ಎಂದರು ಮೀರ್ ಜಲಾಲ್.

ನುಡಿಸಿದೆ. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು, ಹತ್ತಿತು, ಇಳಿಯಿತು. ಮುದುಕರು ಕಣ್ಣು ಮುಚ್ಚಿದರು, ಆಮೇಲೆ ತೆರೆದರು. "ಇದು ಇವನ ಕ್ಯಾಸೆಟ್ಟಲ್ಲಿರೋದು. ನಿಮ್ಮದು ನುಡಿಸಿ."

"ನನ್ನದೇ ಇದು... ಸ್ವಲ್ಪ ಮರೆತಿದೆ."

"ತಮ್ಮ ಧಾಟೀನ ತಾವೇ ಮರೆತ್ರಾ?"

ಗುಮಾಸ್ತ ಏನೋ ಗೀಚಿಕೊಂಡ. ನೆಲ ಬಾಯಿ ಬಿಡಬಾರದೇ ಎನಿಸಿತು. ಆಗ ಹೂಷಂಗ್ ಎದ್ದು ನಿಂತ.

"ಇಂವ ಸುಳ್ಳು ಹೇಳಾಕತ್ತಿಲ್ರಿ. ಧಾಟಿ ಇವನ್ದ. ಯಾವ್ದೋ ಧಾಟಿ ಕದ್ದದ್ದು ಅಂತ ಹೇಳಿದ್ರಿ, ಅದಕ್ಕ ನನ್ ಹಂತೇಲಿರೋ ಎಲ್ಲಾ ಟೇಪು ತಂದೇನಿ. ಇದ್ರಾಗ ಇವ್ನ ನುಡಿಸಿದ್ದು ಐತಿ, ಕೇಳ್ರಿ." ಕೋಟಿನ ಜೇಬಿನಿಂದ ಕ್ಯಾಸೆಟ್ಟುಗಳನ್ನು ಮೇಜಿನ ಮೇಲೆ ಸುರಿದು ಒಂದನ್ನು ಆರಿಸಿಕೊಟ್ಟ. ಪರಸ್ತುವಿನ ಅಕ್ಷರ ಗುರುತಾಯಿತು.

ಗುಮಾಸ್ತ ಯಂತ್ರಕ್ಕೆ ಹಾಕಿದ. ತಟ್ಟೆಗಳ ಸದ್ದು, ಮಾವನ ಕೆಮ್ಮು, ಆಮೇಲೆ ನನ್ನ ತಾರ್. ಮೂರನೆಯ ಸಾಲು ಬಂತು. ನೇರವಾಗಿ ಇಳಿಯಿತು. ತಪ್ಪಿರಲಿಲ್ಲ, ಅಚ್ಚುಕಟ್ಟಾಗಿತ್ತು. ಆದರೆ ಕೋಣೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ನಾನೂ ಮುಚ್ಚಲಿಲ್ಲ. ಆ ತಿರುವು ಬೇಕು ಎನಿಸಿತು. ಅದು ಇಲ್ಲದಿದ್ದರೆ ಟ್ಯಾಕ್ಸಿಯವನಾಗಲಿ ರೊಟ್ಟಿ ಸಾಲಿನವರಾಗಲಿ ಆ ಧಾಟಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತಿದ್ದೇನೆ.

ನುಡಿಸಿದ್ದು ಮುಗಿದರೂ ಟೇಪು ಓಡುತ್ತಿತ್ತು. ಹೂಷಂಗ್ ಗಾಬರಿಯಿಂದ, "ಸಾಕ್ರೀ, ಇಷ್ಟ ಇದ್ದದ್ದು, ಬಂದ್ ಮಾಡ್ರಿ" ಎಂದು ಯಂತ್ರದತ್ತ ಕೈ ಚಾಚಿದ. ಮೀರ್ ಜಲಾಲ್ ಕೋಲಿನಿಂದ ಅವನ ಕೈ ತಡೆದರು. "ಇರಲಿ."

ಎಲ್ಲ ಬಂತು. ನನ್ನ ಗಂಟಲು: ನಿನ್ನದೇ, ತಗೋ. ಅವನು: ಬ್ಯಾಡೋ. ನಾನು: ನನ್ನಾಣೆ, ತಗೋ. ಅವನು: ಒಲ್ಲೆ. ನಾನು, ಅವನು, ಮತ್ತೊಂದು ಸಲ. ಇಸ್ಫಹಾನಿನ ಜೋಕು. ಮಾವನ ನಗು. ಗುಮಾಸ್ತನೂ ನಕ್ಕುಬಿಟ್ಟ. ಆಮೇಲೆ ನಾಲ್ಕನೆಯ ಸಲ, ಮೇಜು ಗುದ್ದಿದ ಸದ್ದಿನ ಜೊತೆ. ಹೂಷಂಗ್ ಮೆತ್ತಗೆ, "ಆತು ಬಿಡು, ನಿನ್ ಹೆಸರಾದ್ರೂ ಹಾಕಿಸ್ತೇನಿ" ಎನ್ನುತ್ತಾನೆ. ಅದಕ್ಕೆ ನನ್ನ ಉತ್ತರ: "ಹೆಸರು ಯಾಕೋ? ನಮ್ಮಿಬ್ಬರಲ್ಲಿ ನಂದು ನಿಂದು ಅಂತ ಇದೆಯಾ? ನಿನ್ನ ಹೆಸರೇ ಹಾಕ್ಕೋ, ನನ್ನದು ಹಾಕಿಸಿದ್ರೆ ಈ ಮನೆ ಹೊಸಲು ತುಳೀಬೇಡ!"

ಟೇಪು ಕಟ್ಟಾಯಿತು. ನಾನು ಕ್ಯಾಸೆಟ್ಟು ಕಿತ್ತದ್ದು ಆಗ.

ಹೆಸರಿನ ಮಾತು ನನಗೆ ನಿಜವಾಗಿ ಮರೆತಿತ್ತು. ಮರೆತಿತ್ತು ಎಂದುಕೊಳ್ಳುತ್ತೇನೆ. ಹೂಷಂಗ್‌ಗೆ ನೆನಪಿತ್ತು. ಟೇಪಿನಲ್ಲಿ ಅದು ಇದೆ ಎಂದೂ ಗೊತ್ತಿತ್ತು. ಕೇಳಿಸಿದರೆ ತಾನು ಗೆಲ್ಲುತ್ತೇನೆ ಎಂದು ಗೊತ್ತಿದ್ದೇ ನಿಲ್ಲಿಸಲು ಹೋದ. ಇದು ಮನೆಗೆ ಬರುವ ಬಸ್ಸಿನಲ್ಲಿ ಹೊಳೆಯಿತು, ಅಲ್ಲಿ ಹೊಳೆಯಲಿಲ್ಲ.

ಮೀರ್ ಜಲಾಲ್ ನನ್ನತ್ತ ತಿರುಗಿದರು. "ಈಗ ತಾವೇ ಹೇಳಿ ಇರಜ್ ಖಾನ್. ಕೊಟ್ರೋ, ಬಾಯಿಮಾತಿಗೆ ಅಂದ್ರೋ?"

ಹೂಷಂಗ್ ನೆಲ ನೋಡುತ್ತಿದ್ದ. ನನಗೆ ಏನಾಯಿತೋ ತಿಳಿಯದು. "ಕೊಟ್ಟೆ," ಎಂದೆ. ದೇವರಾಣೆಗೂ ಮನಸಾರೆ ಹೇಳಿದೆ.

ಮುದುಕರು ನಕ್ಕರು. "ಇದು ಒಂದನೇ ಸಲ," ಎಂದು ಹೆಬ್ಬೆರಳು ಮಡಚಿದರು.

"ಇಲ್ಲ ಉಸ್ತಾದ್, ನಿಜವಾಗಿ ಕೊಟ್ಟೆ."

"ಎರಡು."

"ಧಾಟಿ ಅವನದೇ ಆಗಲಿ, ನನಗೇನೂ ಬೇಡ."

"ಮೂರು." ಉಳಿದ ಇಬ್ಬರು ಹಿರಿಯರೂ ನಗುತ್ತಿದ್ದರು. ಮೀರ್ ಜಲಾಲ್ ಉಂಗುರ ಬೆರಳನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತ ಕಾದರು. ಹೂಷಂಗ್ ತಲೆಯೆತ್ತಿದ.

ನಾಲ್ಕನೆಯ ಸಲ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು ಅಚ್ಚಾಗಿ ಕಂಡಂತಾಯಿತು, ಪರಸ್ತು ಅದನ್ನು 'ನಮ್ಮ ಬಾಬಾ' ಎಂದು ಕ್ಲಾಸಿನಲ್ಲಿ ತೋರಿಸಿದಂತೆ. ತಾರನ್ನು ಪೆಟ್ಟಿಗೆಯೊಳಗಿಟ್ಟೆ.

"ಬರ್ಕೊಳ್ಳಿ," ಎಂದರು ಮುದುಕರು ಗುಮಾಸ್ತನಿಗೆ. "ಇಬ್ಬರೂ ಸಜ್ಜನರು. ಒಬ್ಬರ ಮೇಲೊಬ್ಬರಿಗೆ ಉಪಚಾರ ಜಾಸ್ತಿಯಾಗಿ ಗೊಂದಲ ಆಗಿದೆ. ರಾಗ ಸಂಯೋಜನೆ, ಇರಜ್ ಜರ್ಗರ್. ಗಾಯನ, ಹೂಷಂಗ್ ಬಂದರಿಯಾನ್. ಹೆಸರು ಸರಿಮಾಡಿ ಮತ್ತೆ ಅಚ್ಚು ಹಾಕಿಸಲಿ, ಕಾರ್ಯಕ್ರಮಕ್ಕೆ ಅಡ್ಡಿಯಿಲ್ಲ."

ಹೂಷಂಗ್ ಕನ್ನಡಕ ಹಾಕಿಕೊಂಡ. ಬಾಗಿಲ ಹತ್ತಿರ ಪಕ್ಕಕ್ಕೆ ಸರಿದು, ಎದೆಯ ಮೇಲೆ ಕೈಯಿಟ್ಟು, "ತಾವು ಮೊದಲು" ಎಂದ.

ದೇ ೧೧, ಶುಕ್ರವಾರ

ಹೊಸ ಅಚ್ಚು ಬಂತು. ನನ್ನ ಹೆಸರು ಇದೆ, ದೊಡ್ಡದಾಗಿಯೇ ಇದೆ. ಪರಸ್ತು ಹತ್ತು ಪ್ರತಿ ಕೊಂಡಳು.

ಅವನು ಫೋನ್ ಮಾಡಿಲ್ಲ. ಬಿಡುವಿರಲಿಕ್ಕಿಲ್ಲ.

ದೇ ೨೫, ಶುಕ್ರವಾರ

ಉಪ್ಪು ಬಿಟ್ಟೆಯಾ ಎಂದು ಈ ತಿಂಗಳು ಯಾರೂ ಕೇಳಲಿಲ್ಲ. ಒಂದು ಚಿಟಿಕೆ ಹಾಕಿಕೊಂಡೆ.

ಬಹ್ಮನ್ ೧೬, ಶುಕ್ರವಾರ

ಕಾರ್ಯಕ್ರಮ ನಿನ್ನೆ ಸಂಜೆ. ಆಮಂತ್ರಣ ಅಂಚೆಯಲ್ಲಿ ಬಂದಿತ್ತು: ಮಾನ್ಯ ಉಸ್ತಾದ್ ಜರ್ಗರ್ ಹಾಗೂ ಕುಟುಂಬಕ್ಕೆ. ಮೊದಲ ಸಾಲಿನ ನಟ್ಟನಡುವೆ ಮೂರು ಕುರ್ಚಿ. ಅವನು ಹಾಡುವ ಮುಂಚೆ ನನ್ನ ಹೆಸರು ಹೇಳಿ, "ಈ ಧಾಟಿ ಉಸ್ತಾದರ ಭಿಕ್ಷೆ" ಎಂದ. ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಖ್ತರ್ ನನ್ನ ಮಂಡಿ ತಿವಿದಳು. ಎದ್ದು ಕೈಯೆತ್ತಿದೆ. ಇಪ್ಪತ್ತೈದು ವರ್ಷ ಬಯಸಿದ್ದು ಸಿಕ್ಕಿತು.

ಅಲ್ಲಿ ಹೂದಾನಿ ಇರಲಿಲ್ಲ. ತಾರ್ ನುಡಿಸಿದವನು ಹೊಸಬ, ಮೂವತ್ತರ ಆಸುಪಾಸಿನವನು, ಆಬಾದಾನಿನ ಕಡೆಯ ಅಹ್ವಾಜಿನವನಂತೆ. ಬಲಗೈ ಬಿಗಿ, ಎಡಗೈ ಸೋಮಾರಿ. ಎರಡನೆಯ ಹಾಡಿನ ನಡುವೆ ಅವನ ತಂತಿ ಹರಿಯಿತು. ಹೂಷಂಗ್ ಮೈಕಿನಿಂದ ಮುಖ ತಿರುಗಿಸಿ, "ಅವಸರ ಬ್ಯಾಡೋ ಕಾ, ಮಂದಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದ. ಜನ ನಕ್ಕರು. ಕಾ ಎಂದ. ಗೊತ್ತು ಗುರಿಯಿಲ್ಲದವನಿಗೆ, ತಂತಿ ಕಟ್ಟಲು ಬಾರದವನಿಗೆ! ಉಳಿದ ಹೊತ್ತು ನಾನು ಹೂಷಂಗ್‌ನನ್ನು ನೋಡಲೇ ಇಲ್ಲ, ಆ ಅಹ್ವಾಜಿನವನನ್ನೇ ನೋಡುತ್ತಿದ್ದೆ. ಮೂರನೆಯ ಸಾಲಿನ ತಿರುವಿಗೆ ಅವನು ಅರ್ಧ ಮಾತ್ರೆ ತಡ. ನಾನಾಗಿದ್ದರೆ ಹೂಷಂಗ್ ಉಸಿರು ಬಿಡುವ ಕ್ಷಣಕ್ಕೇ ಸೇರುತ್ತಿದ್ದೆ.

ಮುಗಿದ ಮೇಲೆ ಒಳಗೆ ಹೋದೆವು. ಹೂಷಂಗ್ ಎದ್ದು ನಿಂತು ಬಾಗಿದ.

"ತಮ್ಮ ಪಾದಧೂಳಿಯಿಂದ ನಮ್ಮ ಕಾರ್ಯಕ್ರಮಕ್ಕೆ ಕಳೆ ಬಂತು ಉಸ್ತಾದ್. ತಾವು ಕೂತ್ಕೊಳ್ಳಿ."

ತೆಹರಾನಿನವರ ಹಾಗೆ ಅಚ್ಚುಕಟ್ಟಾಗಿ ಮಾತಾಡಿದ. ಆಬಾದಾನಿನ ಒಂದು ಸ್ವರವೂ ಇರಲಿಲ್ಲ.

"ನಿನ್ನ ತಾರಿನವನು ಮೂರನೇ ಸಾಲಲ್ಲಿ ತಡ," ಎಂದೆ.

"ಕಲೀತಾನೆ. ತಮ್ಮ ಆಶೀರ್ವಾದ ಇರಲಿ."

ಅಖ್ತರಳೂ ಪರಸ್ತುವೂ ಅವನ ಹೆಂಡತಿಯ ಜೊತೆ ಮಾತಿಗೆ ನಿಂತಿದ್ದರು. ನಾನು ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ಕೇಳಿದೆ, "ಮುಂದಿನ ಸಲ ನಾನೇ ನುಡಿಸಲಾ ಹೂಷಂಗ್?"

ಅವನು ಎದೆಯ ಮೇಲೆ ಕೈಯಿಟ್ಟ. "ತಾವು ಬಂದ್ರೆ ಅದು ನಮ್ಮ ಭಾಗ್ಯ."

ಒಂದು ಸಲ ಹೇಳಿದ. ನಿಜವಾಗಿ ಕರೆಯುವವರು ಮತ್ತೊಮ್ಮೆ ಹೇಳುತ್ತಾರೆ. ನಾನು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತ ಅಲ್ಲೇ ನಿಂತಿದ್ದೆ. ಯಾರೋ ಅವನನ್ನು ಕರೆದರು, ಅವನು ಆ ಕಡೆ ತಿರುಗಿದ.